ಹಳೆಯ ಇವಿ ಕಾರು: ಎಕ್ಸ್‌ಚೇಂಜ್‌ಗೆ ಕೊಡುವುದೋ, ನಾವೇ ಮಾರುವುದೋ?

2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಮತ್ತು ಎಂಜಿ ಜೆಡ್‌ಎಸ್ ಇವಿ ಒಂದೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದವು. ಮಧ್ಯಮ ವರ್ಗದ ಮನೆಗಳ ಮುಂದೆ ಹಸಿರು ನಂಬರ್ ಪ್ಲೇಟಿನ ಕಾರು ನಿಲ್ಲತೊಡಗಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ. ಆಗ ಕೊಂಡವರಲ್ಲಿ ಅನೇಕರು ಈಗ ದೊಡ್ಡ ಬ್ಯಾಟರಿಯ ಹೊಸ ಕಾರು ನೋಡುತ್ತಿದ್ದಾರೆ. ಹಳೆಯದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ದಾರಿ ಎರಡೇ: ಹೊಸ ಕಾರಿನ ಶೋರೂಮಿನಲ್ಲೇ ಎಕ್ಸ್‌ಚೇಂಜ್‌ಗೆ ಕೊಡುವುದು, ಇಲ್ಲವೇ ನಾವೇ ಗಿರಾಕಿ ಹುಡುಕಿ ಮಾರುವುದು. ಪೆಟ್ರೋಲ್ ಕಾರಿನ ವಿಷಯದಲ್ಲಿ ಇದು ನಮಗೆ ಹಳೆಯ ಲೆಕ್ಕ. ಇವಿ ವಿಷಯದಲ್ಲಿ ಆ ಲೆಕ್ಕವನ್ನೇ ಹಿಡಿದು ಹೊರಟವರು ಒಂದೋ ಕೈಗೆ ಬರಬೇಕಾದ ದುಡ್ಡು ಕಳೆದುಕೊಳ್ಳುತ್ತಾರೆ, ಇಲ್ಲವೇ ಮಾರಿದ ಮೇಲೂ ತಲೆನೋವು ಉಳಿಸಿಕೊಳ್ಳುತ್ತಾರೆ. ಪದೇ ಪದೇ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಐದು ವರ್ಷ ಓಡಿದ ಇವಿಯ ಬ್ಯಾಟರಿ ಮುಗಿದ ಹಾಗೆಯೇ. ಹೊರಗೆ ಯಾರೂ ಕೊಳ್ಳುವುದಿಲ್ಲ, ಶೋರೂಮಿನವರು ಕೊಟ್ಟಷ್ಟಕ್ಕೆ ಕೊಟ್ಟುಬಿಡಬೇಕು.

ವಾಸ್ತವ: ಈ ಭಯಕ್ಕೆ ಬೆಂಗಳೂರಿನಲ್ಲಿ ಒಂದು ಹಿನ್ನೆಲೆಯಿದೆ. 2001ರಲ್ಲಿ ಇದೇ ಊರಿನಿಂದ ಹೊರಟ ಪುಟ್ಟ ರೇವಾ ಕಾರಿನಲ್ಲಿ ಸೀಸ-ಆಮ್ಲದ ಬ್ಯಾಟರಿಗಳಿದ್ದವು. ಮನೆಯ ಯುಪಿಎಸ್‌ನಲ್ಲಿ ಇರುತ್ತವಲ್ಲ, ಅದೇ ಜಾತಿಯವು. ಕೆಲವೇ ವರ್ಷಕ್ಕೆ ಅವನ್ನು ಬದಲಾಯಿಸಲೇಬೇಕಿತ್ತು, ಅದರ ಖರ್ಚೂ ಸಣ್ಣದಲ್ಲ. ರೇವಾ ಇಟ್ಟುಕೊಂಡಿದ್ದವರ ಅನುಭವ ಬಾಯಿಂದ ಬಾಯಿಗೆ ಹರಡಿ, ಎಲೆಕ್ಟ್ರಿಕ್ ಕಾರು ಎಂದರೆ ಬ್ಯಾಟರಿ ಬದಲಿಸುವ ಕಾರು ಎಂಬ ಮಾತು ಗಟ್ಟಿಯಾಯಿತು. ಅದರ ಮೇಲೆ ಮೊಬೈಲ್ ಫೋನಿನ ಅನುಭವವೂ ಸೇರಿಕೊಂಡಿತು.

ಈಗಿನ ಕಾರುಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಅದನ್ನು ತಂಪಾಗಿಡುವ ವ್ಯವಸ್ಥೆಯಿದೆ, ಒಂದೊಂದು ಸೆಲ್ಲಿನ ಮೇಲೂ ಕಣ್ಣಿಟ್ಟಿರುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಇವಿಗಳ ಮಾಹಿತಿ ಕಲೆಹಾಕಿ ನೋಡಿದಾಗ, ಬ್ಯಾಟರಿ ತನ್ನ ಸಾಮರ್ಥ್ಯವನ್ನು ವರ್ಷಕ್ಕೆ ಸುಮಾರು ಶೇ 2ರ ಆಸುಪಾಸು ಕಳೆದುಕೊಳ್ಳುತ್ತದೆ ಎಂದು ಕಂಡುಬಂದಿದೆ. ಎಲ್ಲ ಕಾರಿಗೂ ಒಂದೇ ಲೆಕ್ಕ ಅಲ್ಲ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಫುಲ್ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸಿದ ಕಾರು, ದಿನವೂ ಫಾಸ್ಟ್ ಚಾರ್ಜರನ್ನೇ ನೆಚ್ಚಿಕೊಂಡ ಕಾರು ಸ್ವಲ್ಪ ಬೇಗ ಹಳತಾಗುತ್ತದೆ. ಹಾಗಿದ್ದರೂ ಐದು ವರ್ಷಕ್ಕೆ "ಮುಗಿಯಿತು" ಎನ್ನುವುದು ಸುಳ್ಳು. ನೆಕ್ಸಾನ್ ಇವಿಯ ಬ್ಯಾಟರಿಗೆ ಕಂಪನಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಟ್ಟಿದೆ. 2020ರಲ್ಲಿ ಕೊಂಡ ಕಾರು ಅಷ್ಟು ದೂರ ಓಡಿರದಿದ್ದರೆ ಅದರ ವಾರಂಟಿ 2028ರವರೆಗೆ ಇರುತ್ತದೆ.

ತೊಂದರೆ ಇರುವುದು ಬ್ಯಾಟರಿಯಲ್ಲಿ ಅಲ್ಲ, ಬ್ಯಾಟರಿ ಹೇಗಿದೆ ಎಂದು ತೋರಿಸುವ ಕಾಗದ ಇಲ್ಲದಿರುವುದರಲ್ಲಿ. ಪೆಟ್ರೋಲ್ ಕಾರು ನೋಡಲು ಬಂದವರು ಬಾನೆಟ್ ಎತ್ತಿ, ಎಂಜಿನ್ ಸದ್ದು ಕೇಳಿ, ಸೈಲೆನ್ಸರಿನ ಹೊಗೆ ನೋಡಿ ಒಂದು ಅಂದಾಜಿಗೆ ಬರುತ್ತಾರೆ. ಇವಿಯಲ್ಲಿ ಕೇಳಲು ಸದ್ದೂ ಇಲ್ಲ, ನೋಡಲು ಹೊಗೆಯೂ ಇಲ್ಲ. ಹಾಗಾಗಿ ಶೋರೂಮಿನ ಎವಾಲ್ಯುಯೇಟರ್ "ಸರ್, ಇವಿ ಅಂದ್ರೆ ನಮ್ಗೆ ರಿಸ್ಕ್" ಎನ್ನುತ್ತಾನೆ, ಆ ರಿಸ್ಕಿನ ದುಡ್ಡನ್ನು ನಿಮ್ಮ ಬೆಲೆಯಿಂದಲೇ ಕಳೆಯುತ್ತಾನೆ. ಕೆಟ್ಟಿರಬಹುದಾದ ಬ್ಯಾಟರಿಗೆ ಕೊಡುವ ಬೆಲೆಯನ್ನು ಚೆನ್ನಾಗಿರುವ ಬ್ಯಾಟರಿಗೂ ಕೊಡುತ್ತಾನೆ. ಅದನ್ನು ತಪ್ಪಿಸಲು ಇರುವ ಉಪಾಯ ಒಂದೇ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ, ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟಿದೆ ಎಂಬ ವರದಿಯನ್ನು ಬರಹದಲ್ಲಿ ಪಡೆಯುವುದು. ಅದಕ್ಕೆ ಎಸ್‌ಒಎಚ್ ರಿಪೋರ್ಟ್ ಎನ್ನುತ್ತಾರೆ. ಅದು ಕೈಯಲ್ಲಿದ್ದರೆ ಎರಡೂ ದಾರಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕೊಳ್ಳಲು ಬಂದವರ ಎದುರೇ ಮಾಡಿ ತೋರಿಸಬಹುದಾದ ಪರೀಕ್ಷೆಯೂ ಒಂದಿದೆ. ಹಿಂದಿನ ರಾತ್ರಿ ಮನೆಯ ಪ್ಲಗ್ಗಿನಲ್ಲೇ ನಿಧಾನವಾಗಿ 100ಕ್ಕೆ ಚಾರ್ಜ್ ಮಾಡಿ. ಎಲ್‌ಎಫ್‌ಪಿ ಎಂಬ ಬಗೆಯ ಲಿಥಿಯಂ ಬ್ಯಾಟರಿಯಿದ್ದರೆ ಇದು ಬಹಳ ಮುಖ್ಯ. ಹೀಗೆ ಆಗಾಗ ಪೂರ್ತಿ ತುಂಬದಿದ್ದರೆ ಶೇಕಡಾವಾರು ತೋರಿಸುವ ಲೆಕ್ಕವೇ ಏರುಪೇರಾಗಿ, 15 ಇದ್ದದ್ದು ಒಮ್ಮೆಲೇ 5ಕ್ಕೆ ಜಾರುತ್ತದೆ. ಅದು ಕೊಳ್ಳುವವರ ಕಣ್ಣಿಗೆ ಬಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅವರನ್ನು ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಹೋಗಿಬನ್ನಿ. 100 ಇದ್ದದ್ದು 40ಕ್ಕೆ ಇಳಿದಾಗ 126 ಕಿ.ಮೀ. ಓಡಿದೆ ಎಂದಿಟ್ಟುಕೊಳ್ಳಿ. ಅಂದರೆ ಪೂರ್ತಿ ಚಾರ್ಜಿಗೆ 210 ಕಿ.ಮೀ. ಆ ಓಟಕ್ಕೆ ಬಳಕೆಯಾದ ಯೂನಿಟ್ 16.8 ಎಂದು ಕಾರೇ ತೋರಿಸಿದರೆ, ಪೂರ್ತಿ ಬ್ಯಾಟರಿಯಲ್ಲಿ 28 ಯೂನಿಟ್ ಹಿಡಿಯುತ್ತದೆ ಎಂದಾಯಿತು. ಹೊಸದರಲ್ಲಿ 30.2 ಯೂನಿಟ್ ಎಂದು ಕಂಪನಿ ಹೇಳಿದ್ದ ಬ್ಯಾಟರಿಗೆ ಇದು ಒಳ್ಳೆಯ ಅಂಕಿ. ಇದು ಅಂದಾಜಿನ ಲೆಕ್ಕವೇ, ನಿಜ. ಆದರೂ ಪಕ್ಕದ ಸೀಟಿನಲ್ಲಿ ಕೂತು ತಾವೇ ನೋಡಿದ ಲೆಕ್ಕ ಕೊಳ್ಳುವವರಿಗೆ ಕೊಡುವ ಧೈರ್ಯ ದೊಡ್ಡದು.

ಇನ್ನೊಂದು ಮಾತು. ಮೊದಲ ನೆಕ್ಸಾನ್ ಇವಿಗೆ ಪ್ರಮಾಣೀಕೃತ ರೇಂಜ್ 312 ಕಿ.ಮೀ. ಎಂದಿತ್ತು. ಹೊಸದಾಗಿದ್ದಾಗಲೂ ನಮ್ಮ ರಸ್ತೆಯಲ್ಲಿ ಅಷ್ಟು ಓಡಿದ್ದು ಅಪರೂಪ. ಈಗ 210 ಓಡುತ್ತಿದೆ ಎಂದರೆ ಬ್ಯಾಟರಿಯ ಮೂರನೇ ಒಂದು ಭಾಗ ಸತ್ತಿದೆ ಎಂದು ಎಷ್ಟೋ ಜನ ಲೆಕ್ಕ ಹಾಕುತ್ತಾರೆ. ಹೋಲಿಸಬೇಕಾದ್ದು ಕರಪತ್ರದ ಅಂಕಿಯ ಜೊತೆ ಅಲ್ಲ, ಹೊಸದರಲ್ಲಿ ನಿಜವಾಗಿ ಓಡಿದ ಅಂಕಿಯ ಜೊತೆ.

ತಪ್ಪು ಕಲ್ಪನೆ: ಹಳೆಯ ಇವಿಯ ಬೆಲೆ ಬೀಳುವುದು ಬ್ಯಾಟರಿ ಸವೆಯುವುದರಿಂದ.

ವಾಸ್ತವ: ಅದಕ್ಕಿಂತ ಹೆಚ್ಚಾಗಿ ಹೊಸ ಕಾರಿನ ಬೆಲೆ ಇಳಿಯುವುದರಿಂದ. 2024ರ ಫೆಬ್ರವರಿಯಲ್ಲಿ ಟಾಟಾ ನೆಕ್ಸಾನ್ ಇವಿಯ ಬೆಲೆಯನ್ನು 1.2 ಲಕ್ಷ ರೂಪಾಯಿವರೆಗೆ, ಟಿಯಾಗೊ ಇವಿಯದನ್ನು 70,000 ರೂಪಾಯಿವರೆಗೆ ಇಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಬ್ಬದ ಹೆಸರಲ್ಲಿ ನೆಕ್ಸಾನ್ ಇವಿಯ ಆರಂಭದ ಬೆಲೆ 12.49 ಲಕ್ಷಕ್ಕೆ ಬಂತು. ಹೊಸದೇ ಅಷ್ಟಕ್ಕೆ ಸಿಗುವಾಗ ಹಳೆಯದಕ್ಕೆ ಯಾರು ಹೆಚ್ಚು ಕೊಟ್ಟಾರು? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ಇವಿಯದು ಮೊದಲಿನಂತೆ ಶೇ 5ರಲ್ಲೇ ಉಳಿಯಿತು. ಅಂದರೆ ಪಕ್ಕದಲ್ಲಿ ನಿಂತ ಪೆಟ್ರೋಲ್ ಕಾರೂ ಅಗ್ಗವಾಯಿತು. ಇದನ್ನು ತಿಳಿದವರು ಕಾದು ನೋಡುವುದಿಲ್ಲ. ಮಾರಬೇಕೆಂದು ತೀರ್ಮಾನಿಸಿದ ಇವಿಯನ್ನು "ಇನ್ನೆರಡು ತಿಂಗಳು ನೋಡೋಣ, ಒಳ್ಳೆ ರೇಟು ಬರಬಹುದು" ಎಂದು ಇಟ್ಟುಕೊಂಡರೆ ಮಾರುಕಟ್ಟೆ ನಿಮ್ಮ ಕಡೆ ಇರುವುದಿಲ್ಲ.

ತಪ್ಪು ಕಲ್ಪನೆ: ಎಕ್ಸ್‌ಚೇಂಜ್ ಬೋನಸ್ ಎಂದರೆ ನನ್ನ ಹಳೆಯ ಕಾರಿಗೆ ಸಿಕ್ಕ ಹೆಚ್ಚಿನ ಬೆಲೆ.

ವಾಸ್ತವ: ಶೋರೂಮಿನವರು ಕೊಡುವ ಕೊಟೇಶನ್ ಹಾಳೆಯನ್ನು ಟೇಬಲ್ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದಿ. ಹೊಸ ಕಾರಿನ ಎಕ್ಸ್‌-ಶೋರೂಂ ಬೆಲೆ, ಇನ್ಶೂರೆನ್ಸ್, ಆಕ್ಸೆಸರೀಸ್, ಹಳೆಯ ಕಾರಿನ ಮೌಲ್ಯ, ಎಕ್ಸ್‌ಚೇಂಜ್ ಬೋನಸ್, ಕ್ಯಾಶ್ ಡಿಸ್ಕೌಂಟ್. ಇವುಗಳಲ್ಲಿ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವುದು ಅವರಿಗೆ ಕಷ್ಟದ ಕೆಲಸವೇನಲ್ಲ. ಬೋನಸ್ ಬರುವುದು ಹೊಸ ಕಾರು ಮಾರಲೆಂದು ಕಂಪನಿ ಎತ್ತಿಟ್ಟ ಹಣದಿಂದ, ನಿಮ್ಮ ಹಳೆಯ ಕಾರಿನ ಯೋಗ್ಯತೆಯಿಂದಲ್ಲ.

ಒಂದು ಉದಾಹರಣೆ ನೋಡಿ. ಹೊಸ ಕಾರು 16 ಲಕ್ಷ. ನಿಮ್ಮ ಹಳೆಯ ಕಾರಿಗೆ 6.8 ಲಕ್ಷ, ಮೇಲೆ 50,000 ಬೋನಸ್. ನೀವು ಕೊಡಬೇಕಾದ್ದು 8.7 ಲಕ್ಷ. ಹಳೆಯದನ್ನು 7.3 ಲಕ್ಷಕ್ಕೆ ತೆಗೆದುಕೊಂಡರು ಎಂದು ಸಮಾಧಾನವಾಗುತ್ತದೆ. ಎಕ್ಸ್‌ಚೇಂಜ್ ಇಲ್ಲದೆ ಬಂದ ಗಿರಾಕಿಗೆ ಅದೇ ಶೋರೂಂ 40,000 ಕ್ಯಾಶ್ ಡಿಸ್ಕೌಂಟ್ ಕೊಡುತ್ತಿದ್ದರೆ, ಮತ್ತು ನಿಮ್ಮ ಕಾರು ಹೊರಗೆ 7.5 ಲಕ್ಷಕ್ಕೆ ಹೋಗುವಂತಿದ್ದರೆ, ಜೇಬಿನಿಂದ ಹೋಗುವುದು 8.1 ಲಕ್ಷ ಮಾತ್ರ. ಕಾಗದದ ಮೇಲೆ ಎರಡೂ ಬೆಲೆ ಹತ್ತಿರ ಕಂಡರೂ ವ್ಯತ್ಯಾಸ 60,000. ಆದ್ದರಿಂದ ಹಳೆಯ ಕಾರಿನ ಮಾತೇ ಎತ್ತದೆ ಮೊದಲು ಹೊಸ ಕಾರಿನ ಆನ್‌ರೋಡ್ ಬೆಲೆ ಇತ್ಯರ್ಥ ಮಾಡಿಕೊಳ್ಳಿ. ಅದನ್ನು ಬರೆಸಿಕೊಂಡ ಮೇಲೆ ಎಕ್ಸ್‌ಚೇಂಜ್ ಕೇಳಿ. ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲ ಸೇರಿ ನಾನು ಕೊಡಬೇಕಾದ್ದೆಷ್ಟು?

ಕೆಲವು ಸಲ ಬೋನಸ್ ನಿಜಕ್ಕೂ ದೊಡ್ಡದಿರುತ್ತದೆ, ವರ್ಷದ ಕೊನೆಯಲ್ಲಿ ಸ್ಟಾಕ್ ಖಾಲಿ ಮಾಡುವಾಗ ವಿಶೇಷವಾಗಿ. ಆಗ ಇದೇ ಲೆಕ್ಕ ಎಕ್ಸ್‌ಚೇಂಜ್ ಕಡೆಗೆ ವಾಲುತ್ತದೆ. ಲೆಕ್ಕ ಹಾಕಿಯೇ ತಿಳಿಯಬೇಕು.

ತಪ್ಪು ಕಲ್ಪನೆ: ಎಕ್ಸ್‌ಚೇಂಜ್ ಮಾಡಿದರೆ ತೆರಿಗೆ ಉಳಿಯುತ್ತದೆ, ನಾವೇ ಮಾರಿದರೆ ಶೇ 18 ಜಿಎಸ್‌ಟಿ ಕಟ್ಟಬೇಕು.

ವಾಸ್ತವ: ಎರಡೂ ತಪ್ಪು. ಮೊದಲನೆಯದು ಅಮೆರಿಕದ ಮಾತು. ಅಲ್ಲಿ ಟೆಕ್ಸಾಸ್‌ನಂಥ ಅನೇಕ ರಾಜ್ಯಗಳಲ್ಲಿ ಹಳೆಯ ಕಾರಿನ ಮೌಲ್ಯ ಕಳೆದು ಉಳಿದ ಮೊತ್ತಕ್ಕಷ್ಟೇ ಮಾರಾಟ ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ಆ ಸವಲತ್ತೂ ಇಲ್ಲ. ಅಲ್ಲಿರುವ ನೆಂಟರು ಹೇಳಿದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಮ್ಮಲ್ಲಿ ಹಳೆಯ ಕಾರು ಕೊಟ್ಟರೂ ಹೊಸ ಕಾರಿನ ಪೂರ್ತಿ ಬೆಲೆಯ ಮೇಲೆಯೇ ಜಿಎಸ್‌ಟಿ.

ಎರಡನೆಯದು 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯ ನಂತರ ಹಬ್ಬಿದ ಗೊಂದಲ. ಹಳೆಯ ಇವಿ ಮಾರಾಟದ ಮೇಲಿನ ತೆರಿಗೆಯನ್ನು ಅಲ್ಲಿ ಶೇ 12ರಿಂದ 18ಕ್ಕೆ ಏರಿಸಿದ್ದು ನಿಜ. ಅದು ನೋಂದಾಯಿತ ವ್ಯಾಪಾರಿಗಳಿಗೆ, ಅದೂ ಅವರ ಮಾರ್ಜಿನ್ ಮೇಲೆ ಮಾತ್ರ. 6.8 ಲಕ್ಷಕ್ಕೆ ಕೊಂಡು 7.8 ಲಕ್ಷಕ್ಕೆ ಮಾರಿದ ಡೀಲರ್ ಒಂದು ಲಕ್ಷದ ಮೇಲೆ 18,000 ಕಟ್ಟುತ್ತಾನೆ. ಮೊದಲು 12,000 ಕಟ್ಟುತ್ತಿದ್ದ. "ಜಿಎಸ್‌ಟಿ ಜಾಸ್ತಿ ಆಗಿದೆ ಸರ್, ಅದಕ್ಕೇ ರೇಟು ಕಮ್ಮಿ" ಎಂದು ಯಾರಾದರೂ ಹೇಳಿದರೆ ಈ 6,000ದ ಲೆಕ್ಕ ನೆನಪಿರಲಿ. ಸ್ವಂತಕ್ಕೆ ಬಳಸಿದ ಕಾರನ್ನು ನೀವು ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಜಿಎಸ್‌ಟಿ ಇಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ನೇರ ಮಾರಾಟದಲ್ಲಿ ಕೆಲವರು ಹಣದ ಕಂತೆ ಹಿಡಿದು ಬರುತ್ತಾರೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವರ ಮೇಲೆ, ಅದೂ ಪಡೆದ ಮೊತ್ತದಷ್ಟೇ. ಆದ್ದರಿಂದ ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ.

ತಪ್ಪು ಕಲ್ಪನೆ: ಕೀ ಕೊಟ್ಟು ದುಡ್ಡು ಎಣಿಸಿಕೊಂಡ ಮೇಲೆ ಜವಾಬ್ದಾರಿ ಮುಗಿಯಿತು.

ವಾಸ್ತವ: ಈ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತು. ಆ ಪ್ರಕರಣದಲ್ಲಿ ಕಾರು ಹಲವು ಕೈ ದಾಟಿ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ಆ ಮೊದಲಿನ ಮಾಲೀಕರ ತಲೆಗೇ ಬಂತು. ಮಾರಿಬಿಟ್ಟಿದ್ದೆ ಎಂಬ ವಾದ ನಿಲ್ಲಲಿಲ್ಲ.

ಆದ್ದರಿಂದ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಕೊಂಡವರಿಗೆ 30 ದಿನದ ಅವಕಾಶವಿದೆ. ಬೇರೆ ರಾಜ್ಯಕ್ಕೆ ಹೋಗುವ ಕಾರಿಗೆ ಎನ್‌ಒಸಿ ಬೇಕು. ಸಾಲ ತೀರಿಸಿದ್ದರೂ ಆರ್‌ಸಿಯಲ್ಲಿರುವ ಬ್ಯಾಂಕಿನ ಸಾಲದ ನಮೂದನ್ನು, ಅಂದರೆ ಎಚ್‌ಪಿಯನ್ನು, ಕ್ಯಾನ್ಸಲ್ ಮಾಡಿಸದೆ ಬಿಟ್ಟಿರುವವರು ಬಹಳ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಅದನ್ನು ಮೊದಲೇ ತೆಗೆಸಿ, ಇಲ್ಲವಾದರೆ ಟ್ರಾನ್ಸ್‌ಫರ್ ಅಲ್ಲೇ ನಿಲ್ಲುತ್ತದೆ. ಹೊಸ ಆರ್‌ಸಿಯ ಪ್ರತಿ ಕೈಗೆ ಬರುವವರೆಗೆ ಕೊಂಡವರ ಬೆನ್ನು ಬಿಡಬೇಡಿ. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ. ಅಂದು ಸಂಜೆಯೇ ಸಿಗ್ನಲ್ ಕ್ಯಾಮೆರಾಕ್ಕೆ ಕಾರು ಸಿಕ್ಕಿಬಿದ್ದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಎಕ್ಸ್‌ಚೇಂಜ್‌ನಲ್ಲಿ ಈ ಕಾಟ ಇಲ್ಲ ಎನ್ನುವುದೂ ಅರ್ಧ ಸತ್ಯ. ಶೋರೂಂ ನಿಮ್ಮ ಕಾರನ್ನು ತನ್ನ ಹೆಸರಿಗೆ ಮಾಡಿಕೊಳ್ಳುವುದಿಲ್ಲ. ಮುಂದಿನ ಗಿರಾಕಿ ಸಿಗುವವರೆಗೆ ಆರ್‌ಸಿ ನಿಮ್ಮ ಹೆಸರಲ್ಲೇ ಇರುತ್ತದೆ. ಇದನ್ನು ಸರಿಪಡಿಸಲೆಂದೇ 2023ರ ಏಪ್ರಿಲ್‌ನಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬದಲಾವಣೆ ಬಂತು. ಆರ್‌ಟಿಒ ಅಧಿಕಾರಪತ್ರ ಪಡೆದ ಡೀಲರ್‌ಗೆ ಕಾರು ಒಪ್ಪಿಸಿ, ಅದನ್ನು ಫಾರ್ಮ್ 29ಸಿ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಆ ಡೀಲರನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. "ನಿಮ್ಮ ಬಳಿ ಅಧಿಕಾರಪತ್ರ ಇದೆಯಾ, 29ಸಿ ಹಾಕುತ್ತೀರಾ?" ಎಂದು ಕೀ ಕೊಡುವ ಮುಂಚೆಯೇ ಕೇಳಿ. ಉತ್ತರ ತಡವರಿಸಿದರೆ ಆ ಶೋರೂಮಿಗೂ ಗುರುತಿಲ್ಲದ ಬ್ರೋಕರ್‌ಗೂ ವ್ಯತ್ಯಾಸವಿಲ್ಲ.

ತಪ್ಪು ಕಲ್ಪನೆ: ಬ್ಯಾಟರಿ ವಾರಂಟಿ ಕಾರಿನ ಜೊತೆ ಹಾಗೆಯೇ ಹೋಗುತ್ತದೆ.

ವಾಸ್ತವ: ಹೋಗುತ್ತದೆ, ಆದರೆ ಎಷ್ಟು ಎಂಬುದು ಕಾರಿನಿಂದ ಕಾರಿಗೆ ಬೇರೆ. ಮೊದಲಿಂದಲೂ 8 ವರ್ಷದ ವಾರಂಟಿ ಇದ್ದ ಕಾರುಗಳಲ್ಲಿ ಉಳಿದ ಅವಧಿ ಹೊಸಬರಿಗೆ ಸಿಗುತ್ತದೆ. ಈಚಿನ ಕೆಲವು ಕಾರುಗಳ "ಲೈಫ್‌ಟೈಮ್ ವಾರಂಟಿ" ಮೊದಲ ಮಾಲೀಕರಿಗೆ ಮಾತ್ರ. 2024ರಲ್ಲಿ ಬಂದ ಎಂಜಿ ವಿಂಡ್ಸರ್‌ನಲ್ಲಿ ಕಾರು ಕೈ ಬದಲಾದರೆ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಜಾಹೀರಾತಿನಲ್ಲಿ "ಲೈಫ್‌ಟೈಮ್ ಬ್ಯಾಟರಿ ವಾರಂಟಿ ಇದೆ" ಎಂದು ಬರೆದು ಮಾರಿದರೆ ಅದು ಕೊಳ್ಳುವವರಿಗೆ ಹೇಳಿದ ಸುಳ್ಳಾಗುತ್ತದೆ, ಗೊತ್ತಿಲ್ಲದೆ ಬರೆದಿದ್ದರೂ ಕೂಡ.

ಬ್ಯಾಟರಿಯನ್ನು ಬಾಡಿಗೆ ಯೋಜನೆಯಲ್ಲಿ ತೆಗೆದುಕೊಂಡವರ ಸ್ಥಿತಿ ಇನ್ನೂ ಸೂಕ್ಷ್ಮ. ವಿಂಡ್ಸರನ್ನೇ 9.99 ಲಕ್ಷಕ್ಕೆ ಕೊಂಡು, ಬ್ಯಾಟರಿಗೆ ಕಿ.ಮೀ.ಗೆ 3.5 ರೂಪಾಯಿ ಲೆಕ್ಕದಲ್ಲಿ ಕಟ್ಟುವ ದಾರಿ ಇತ್ತು. ಅಂಥ ಕಾರಿನಲ್ಲಿ ಬ್ಯಾಟರಿಯ ಬಾಕಿ ಬೇರೆಯೇ ಒಪ್ಪಂದದಲ್ಲಿರುತ್ತದೆ. ಅದನ್ನು ಪೂರ್ತಿ ತೀರಿಸುವುದೋ, ಹೊಸಬರ ಹೆಸರಿಗೆ ವರ್ಗಾಯಿಸುವುದೋ ಎಂಬುದನ್ನು ಹಣಕಾಸು ಕಂಪನಿಯಿಂದ ಬರಹದಲ್ಲಿ ಪಡೆಯದೆ ಬೆಲೆ ಮಾತಾಡಲೇಬೇಡಿ. ಈ ಗೋಜಲು ಇರುವವರಿಗೆ ಅದೇ ಕಂಪನಿಯ ಶೋರೂಮಿನಲ್ಲಿ ಎಕ್ಸ್‌ಚೇಂಜ್ ಮಾಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಕಾರಿನ ಜೊತೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ.

ವಾಸ್ತವ: ಇಲ್ಲ. ಅದು ನಿಮ್ಮದು, ಕಾರಿನದಲ್ಲ. ಎಕ್ಸ್‌ಚೇಂಜ್ ಇರಲಿ ನೇರ ಮಾರಾಟವಿರಲಿ, ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಶೇ 50ರವರೆಗೆ ರಿಯಾಯಿತಿ ಇರುವ ವಿಷಯ ಇದು. ಹೊಸ ಇವಿಯ ಪ್ರೀಮಿಯಂ ನೋಡಿದವರಿಗೆ ಅದರ ಬೆಲೆ ಗೊತ್ತು.

ತಪ್ಪು ಕಲ್ಪನೆ: ಚಾರ್ಜರ್, ಆ್ಯಪ್ ಎಲ್ಲ ಸಣ್ಣ ವಿಷಯ.

ವಾಸ್ತವ: ಎಕ್ಸ್‌ಚೇಂಜ್‌ನಲ್ಲಿ ಗೋಡೆಗೆ ಹಾಕಿಸಿದ ಚಾರ್ಜರಿಗೆ ಬಿಡಿಗಾಸೂ ಸಿಗುವುದು ಕಷ್ಟ. ನೇರ ಮಾರಾಟದಲ್ಲಿ ಅದೊಂದು ಚೌಕಾಸಿಯ ವಸ್ತು, ಮೊದಲ ಬಾರಿ ಇವಿ ಕೊಳ್ಳುವವರಿಗಂತೂ ದೊಡ್ಡ ಆಕರ್ಷಣೆ. ಹೊಸ ಕಾರಿಗೆ ಬೇಕಿಲ್ಲದಿದ್ದರೆ ಬಿಚ್ಚಿಸಿ ಜೊತೆಗೆ ಕೊಡಿ. 15 ಆಂಪಿಯರ್ ಪ್ಲಗ್ಗಿನ ಪೋರ್ಟಬಲ್ ಚಾರ್ಜರನ್ನು ಮಾತ್ರ ಮರೆಯದೆ ಕೊಡಲೇಬೇಕು.

ಆ್ಯಪ್ ವಿಷಯ ಇನ್ನೂ ಗಂಭೀರ. ಕಾರು ಎಲ್ಲಿದೆ, ಬಾಗಿಲು ಹಾಕಿದೆಯೋ ಇಲ್ಲವೋ ಎಂಬುದೆಲ್ಲ ಫೋನಿನಲ್ಲಿ ಕಾಣುವ ಕಾರುಗಳಿವು. ನಿಮ್ಮ ಖಾತೆ ತೆಗೆಯದೆ ಮಾರಿದರೆ ಬೇರೆಯವರ ಓಡಾಟ ನಿಮ್ಮ ಫೋನಿಗೆ ಬರುತ್ತಿರುತ್ತದೆ, ನಿಮ್ಮ ಮನೆಯ ವಿಳಾಸ ಅವರ ಸ್ಕ್ರೀನಿನಲ್ಲಿ ಇರುತ್ತದೆ. ಖಾತೆ ಬಿಡಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಫಾಸ್ಟ್‌ಟ್ಯಾಗ್ ಮುಚ್ಚಿಸಿ. ಹಾಗೆಯೇ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಇವಿ ಮಿಸುಕುವುದಿಲ್ಲ, ನೋಡಲು ಬಂದವರು "ಬ್ಯಾಟರಿ ಹೋಗಿದೆ" ಎಂದುಕೊಂಡೇ ವಾಪಸ್ ಹೋಗುತ್ತಾರೆ.

ತಪ್ಪು ಕಲ್ಪನೆ: ಏನೇ ಆದರೂ ನಾವೇ ಮಾರಿದರೆ ಲಾಭ.

ವಾಸ್ತವ: ಬ್ಯಾಟರಿ ಚೆನ್ನಾಗಿದ್ದು, ವಾರಂಟಿ ಎರಡು ವರ್ಷವಾದರೂ ಉಳಿದಿದ್ದು, ಸರ್ವೀಸ್ ದಾಖಲೆ ಪೂರ್ತಿ ಇದ್ದು, ಸಾಲ ತೀರಿದ್ದರೆ ನೇರವಾಗಿ ಮಾರಿ. ಅಂಥ ಕಾರಿಗೆ ಶೋರೂಂ ಕಳೆಯುವ ರಿಸ್ಕಿನ ದುಡ್ಡನ್ನು ನೀವು ಬಿಟ್ಟುಕೊಡಬೇಕಾದ ಕಾರಣವಿಲ್ಲ. ಬ್ಯಾಟರಿ ಬಾಡಿಗೆ ಒಪ್ಪಂದ ಇದ್ದರೆ, ನೀವು ಊರು ಬಿಡುವ ಅವಸರದಲ್ಲಿದ್ದರೆ, ಅಪರಿಚಿತರಿಗೆ ಕಾರು ತೋರಿಸುತ್ತಾ ವಾರಗಟ್ಟಲೆ ಕಳೆಯುವ ತಾಳ್ಮೆ ಇಲ್ಲದಿದ್ದರೆ, ಎಕ್ಸ್‌ಚೇಂಜ್‌ಗೆ ಕೊಡಿ. ಅದರಲ್ಲಿ ಸೋಲೇನೂ ಇಲ್ಲ. ಒಂದು ಹತ್ತಿಪ್ಪತ್ತು ಸಾವಿರದ ವ್ಯತ್ಯಾಸಕ್ಕೆ ನೆಮ್ಮದಿ ಕೆಡಿಸಿಕೊಳ್ಳಬೇಕಿಲ್ಲ.

ಬ್ಯಾಟರಿಯಲ್ಲಿ ದೋಷ ಕಂಡಿದ್ದರೆ ಎರಡೂ ದಾರಿ ಬಿಟ್ಟು ಮೊದಲು ವಾರಂಟಿಯಲ್ಲಿ ರಿಪೇರಿ ಮಾಡಿಸಿ. 2022ರ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ಇವಿಯ ಬ್ಯಾಟರಿ ಇರುವುದೇ ಕಾರಿನ ತಳದಲ್ಲಿ. ನಿಮ್ಮ ಕಾರು ಹಾಗೆ ನೀರಿನಲ್ಲಿ ನಿಂತಿದ್ದರೆ, ಅಥವಾ ತಳ ಕಲ್ಲಿಗೆ ಬಡಿದು ಪೆಟ್ಟಾಗಿದ್ದರೆ, ಕೊಳ್ಳುವವರು ಕೇಳದಿದ್ದರೂ ನೀವೇ ಹೇಳಿ. ಫುಲ್ ಚಾರ್ಜಿಗೆ ನಿಜವಾಗಿ ಎಷ್ಟು ಓಡುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ಆ ಅಂಕಿಯನ್ನು ನಂಬಿಕೊಂಡೇ ಅವರು ಕುಟುಂಬವನ್ನು ಕೂರಿಸಿಕೊಂಡು ಹಾಸನಕ್ಕೋ ಶಿವಮೊಗ್ಗಕ್ಕೋ ಹೊರಡುತ್ತಾರೆ.